ಗ್ರಹಣದ ದಿನ ಅವ್ವ ಕುಡಗೋಲು ಹಿಡಿದಿದ್ದಳು

ನನ್ನ ಮೇಲ್ದುಟಿಯ ಮೇಲೆ, ಮೂಗಿನ ಎಡಹೊಳ್ಳೆಯಿಂದ ಕೆಳಗಿಳಿಯುವ ಒಂದು ಹೊಲಿಗೆಯ ಗೆರೆ ಇದೆ. ಮೀಸೆಯಲ್ಲಿ ಅರ್ಧ ಮುಚ್ಚಿಹೋಗುತ್ತದೆ. ಅದು ಶೋಕಿಗೆ ಬಿಟ್ಟ ಮೀಸೆ ಎಂದು ಕಾಲೇಜಿನ ಹುಡುಗರು ತಿಳಿದಿದ್ದಾರೆ, ತಿಳಿದುಕೊಳ್ಳಲಿ ಬಿಡಿ. ನಾನು ಹುಟ್ಟಿದಾಗ ಆ ಗೆರೆಯ ಜಾಗದಲ್ಲಿ ತುಟಿ ಇಬ್ಭಾಗವಾಗಿತ್ತು, ಒಳಗೆ ಅಂಗುಳವೂ ಸೀಳಿತ್ತು. ಹಾಲು ಚೀಪಲು ಬರುತ್ತಿರಲಿಲ್ಲ. ಅವ್ವ ಅರಳೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಹನಿ ಹನಿಯಾಗಿ ನನ್ನ ಗಂಟಲಿಗೆ ಇಳಿಸಿ ಬದುಕಿಸಿದಳು. ಮುಂದೆ ದೂರದ ದವಾಖಾನೆಯೊಂದರಲ್ಲಿ ಹೊಲಿದು ಕಳಿಸಿದರು.

ನಮ್ಮ ಕಡೆ ಇಂಥ ಕೂಸಿಗೆ ಗ್ರಹಣ ಹಿಡಿದ ಕೂಸು ಎನ್ನುತ್ತಾರೆ. ಬಸುರಿ ಹೆಂಗಸು ಗ್ರಹಣದ ಹೊತ್ತಿನಲ್ಲಿ ಏನಾದರೂ ಕೊಯ್ದರೆ, ಕತ್ತರಿಸಿದರೆ, ಹೊಲಿದರೆ ಅದು ಹೊಟ್ಟೆಯೊಳಗಿನ ಕೂಸಿಗೆ ತಾಗುತ್ತದೆ ಎಂಬುದು ಲೆಕ್ಕ. ಹಾಗಾಗಿ ನನ್ನಂಥವನು ಹುಟ್ಟಿದ ಕೂಡಲೇ ಮನೆಯವರು ಕೂಸಿನ ಮುಖ ನೋಡಿ, ತಿರುಗಿ ತಾಯಿಯ ಕೈ ನೋಡುತ್ತಾರೆ.

ಅವ್ವನ ಕೈ ನಿಜವಾಗಿಯೂ ಕೊಯ್ದಿತ್ತು. ನಮ್ಮದು ಹುನ್ನೂರ ಕಡೆಯ ಊರು, ಬೀರಪ್ಪನ ಒಕ್ಕಲು, ಆಗಿನ್ನೂ ಮನೆಯಲ್ಲಿ ದೊಡ್ಡ ಕುರಿಹಿಂಡು ಇತ್ತು. ಅವ್ವನಿಗೆ ಐದು ತಿಂಗಳು. ಗ್ರಹಣ ಹಿಡಿದಿತ್ತು, ಎಲ್ಲರೂ ಒಳಗೆ ಕದ ಹಾಕಿಕೊಂಡು ಕುಳಿತಿದ್ದರು. ಅಂಗಳದಲ್ಲಿ ಕಟ್ಟಿದ್ದ ಗಬ್ಬದ ಕುರಿಯೊಂದು ಬೆದರಿ ಜಾಲಿಮುಳ್ಳಿನ ಬೇಲಿಗೆ ಹೊಕ್ಕು, ಹಗ್ಗ ಕುತ್ತಿಗೆಗೆ ಸುತ್ತಿಕೊಂಡು ಒದ್ದಾಡತೊಡಗಿತು. ಗಂಡಸರು ಹೊರಗೆ ಬರಲೋ ಬೇಡವೋ ಎನ್ನುವಷ್ಟರಲ್ಲಿ ಅದರ ನಾಲಗೆ ಹೊರಗೆ ಬಿದ್ದಿತ್ತಂತೆ. ಅವ್ವ ಗೋಡೆಗೆ ಸಿಗಿಸಿದ್ದ ಕುಡಗೋಲು ಹಿರಿದುಕೊಂಡು ಓಡಿದಳು, ಹಗ್ಗ ಕೊಯ್ದಳು. ಕುರಿ ಬದುಕಿತು, ಮರಿಯನ್ನೂ ಹಾಕಿತು. ಆಮೇಲೆ ನಾನು ಹುಟ್ಟಿದೆ.

ಆಯಿ, ಅಂದರೆ ನಮ್ಮಪ್ಪನ ತಾಯಿ, ನನ್ನ ಬಾಯಿ ನೋಡಿ ಕೇಳಿದ್ದು ಒಂದೇ ಮಾತು: "ಏನ ಕೊಯ್ದಿ?" ಅವ್ವ ಖರೆ ಹೇಳಿದಳು. ಹೇಳದೇ ಇದ್ದಿದ್ದರೆ ಏನಾಗುತ್ತಿತ್ತೋ ಏನೋ. ಹೇಳಿದ್ದಕ್ಕೆ ಆಯಿ ಸಾಯುವ ತನಕ ಅದನ್ನೇ ಅರೆದರೆದು ಕುಡಿಸಿದಳು. ನಾನು ಕುಡಿದ ಗಂಜಿ ಮೂಗಿನಿಂದ ಬಂದರೆ "ನೋಡು, ನಿನ್ನ ಕೈ ಮಾಡಿದ ಕೆಲಸ." ಸಾಲೆಯಲ್ಲಿ ಹುಡುಗರು ಅಣಕಿಸಿದರೆಂದು ನಾನು ಅತ್ತುಕೊಂಡು ಬಂದರೆ "ಅವ್ವನ್ನ ಕೇಳು, ಯಾಕ ಹಿಂಗಾತಂತ." ಕೆಟ್ಟ ಮುದುಕಿ ಅಲ್ಲ ಆಕೆ, ನನ್ನನ್ನು ತನ್ನ ಕಂಬಳಿಯೊಳಗೆ ಹಾಕಿಕೊಂಡು ಮಲಗಿಸುತ್ತಿದ್ದಳು. ಆದರೆ ಆ ಒಂದು ಮಾತು ಬಿಡಲಿಲ್ಲ. ಅವ್ವನೂ ತಿರುಗಿ ಮಾತಾಡಲಿಲ್ಲ, ಯಾಕೆಂದರೆ ಆಕೆಗೂ ಅದೇ ನಂಬಿಕೆ. ಓಣಿಯಲ್ಲಿ ಯಾರ ಮನೆಯಲ್ಲಿ ಸೀಮಂತದ ಕುಬಸವಾದರೂ ಅವ್ವ ಸೀರೆ ಉಟ್ಟುಕೊಂಡು ಹೋಗುತ್ತಿದ್ದಳು, ಬಾಗಿಲ ಹತ್ತಿರ ಕೂಡುತ್ತಿದ್ದಳು. ಬಸುರಿಗೆ ಉಡಿ ತುಂಬಲು ಕರೆದರೆ ಮಾತ್ರ ಏಳುತ್ತಿರಲಿಲ್ಲ.

ದೈವದ ಆಟ ನೋಡಿ, ನಾನು ಮುಂದೆ ಜಮಖಂಡಿಯ ಕಾಲೇಜಿನಲ್ಲಿ ಪಾಠ ಮಾಡಲು ನಿಂತದ್ದು ಇದೇ ವಿಷಯ. ಹಿಂದಿನ ಕಾಲದ ಜನ ಲೋಕವನ್ನು ಹೇಗೆ ಅರ್ಥಮಾಡಿಕೊಂಡರು ಎಂಬುದು. ಗ್ರಹಣದ ಪಾಠ ಬಂದ ದಿನ ನನಗೆ ಹುರುಪು ಜಾಸ್ತಿ. ರಾಹು ಬರೀ ತಲೆ, ಹೊಟ್ಟೆಯಿಲ್ಲ. ಸೂರ್ಯನನ್ನು ನುಂಗುತ್ತಾನೆ, ನುಂಗಿದ್ದು ಕತ್ತರಿಸಿದ ಕುತ್ತಿಗೆಯಿಂದ ಹೊರಗೆ ಬಂದುಬಿಡುತ್ತದೆ. ಗ್ರಹಣ ಯಾಕೆ ಹಿಡಿಯಿತು, ಯಾಕೆ ಬಿಟ್ಟಿತು, ಎರಡಕ್ಕೂ ಒಂದೇ ಕತೆಯಲ್ಲಿ ಉತ್ತರ. ಇದು ಬರೀ ಕಟ್ಟುಕತೆಯಲ್ಲ, ಲೆಕ್ಕ ಹಾಕಿದ ಕತೆ ಎಂದು ಹುಡುಗರಿಗೆ ಹೇಳುತ್ತೇನೆ. ಬೇರೆ ದೇಶಗಳಲ್ಲಿ ತೋಳ ಬಂದು ಸೂರ್ಯನನ್ನು ಕಚ್ಚುತ್ತಿತ್ತು, ಇನ್ನೊಂದು ಕಡೆ ದೊಡ್ಡ ಹಾವು ನುಂಗುತ್ತಿತ್ತು, ಜನ ಡೋಲು ಬಡಿದು ಓಡಿಸುತ್ತಿದ್ದರು. ಅದೇ ಹಳೆಯ ಕಾಲದಲ್ಲೇ ನಮ್ಮಲ್ಲಿ, ಗ್ರೀಕರಲ್ಲಿ, ಕೂತು ಎಣಿಸಿ ಇದು ಬರೀ ನೆರಳು ಎಂದವರೂ ಇದ್ದರು. ನೆರಳು ಎಂದು ಗೊತ್ತಿದ್ದ ಪಂಡಿತರೂ ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡಿಯೇ ಉಣ್ಣುತ್ತಿದ್ದರು. ಮನುಷ್ಯ ಹಸಿವು ತಡೆದುಕೊಳ್ಳುತ್ತಾನೆ, ಚಳಿ ತಡೆದುಕೊಳ್ಳುತ್ತಾನೆ, ಕಾರಣವೇ ಇಲ್ಲ ಎನ್ನುವುದನ್ನು ತಡೆದುಕೊಳ್ಳಲಾರ.

ಇಷ್ಟು ಹೇಳಿ ನಾನು ಸ್ಟಾಫ್ ರೂಮಿಗೆ ಬಂದು ಚಹಾ ಕುಡಿಯುವಾಗ ಸಿಟ್ಟು ಬರುತ್ತಿತ್ತು. ಕತೆ ಆಕಾಶದಲ್ಲೇ ಇದ್ದಿದ್ದರೆ ನನ್ನದೇನೂ ತಕರಾರು ಇರಲಿಲ್ಲ. ಅದು ಕೆಳಗಿಳಿದು ನಮ್ಮ ಅಂಗಳಕ್ಕೆ ಬಂದು ಒಬ್ಬ ಹೆಂಗಸಿನ ಕೈ ಹಿಡಿದುಕೊಂಡಿತು. ರಾಹುವಿನ ತಲೆ ಕಡಿದವನನ್ನು ಯಾರೂ ಕೇಳಲಿಲ್ಲ, ಹಗ್ಗ ಕೊಯ್ದವಳನ್ನು ಕೇಳಿದರು.

ಅವ್ವನಿಗೆ ನಾನು ಎಷ್ಟು ಸಲ ತಿಳಿಸಿ ಹೇಳಿದ್ದೇನೋ. ತುಟಿ ಕೂಡುವುದು ಎರಡನೆಯ ತಿಂಗಳು ಮುಗಿಯುವುದರೊಳಗೆ, ಗ್ರಹಣ ಹಿಡಿದಾಗ ನಿನಗೆ ಐದು ತಿಂಗಳು, ಆಗಲೇ ಆಗಬೇಕಾದ್ದು ಆಗಿಹೋಗಿತ್ತು ಎಂದು. ಅವ್ವ ಶಾಂತವಾಗಿ ಕೇಳುತ್ತಾಳೆ. "ಡಾಕ್ಟರ್ ಹೊಟ್ಟಿಯೊಳಗ ಹೊಕ್ಕು ನೋಡಿ ಬಂದಾರೇನು?" ಎನ್ನುತ್ತಾಳೆ. "ಹೌದವ್ವಾ, ಈಗ ಮಷಿನ್ ಹಂಗೇ ನೋಡ್ತೈತಿ" ಎಂದರೆ, "ಅವಾಗ ಇತ್ತೇನು?" ಎಂದು ಎದ್ದು ಹೋಗುತ್ತಾಳೆ. ಈ ಮಾತಿಗೆ ಉತ್ತರ ಕೊಟ್ಟು ಗೆದ್ದವನು ಇನ್ನೂ ಹುಟ್ಟಿಲ್ಲ.

ಹೀಗಿರುವಾಗ ತಂಗಿ ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ಆಕೆಯನ್ನು ಬನಹಟ್ಟಿಗೆ ಕೊಟ್ಟಿದ್ದೇವೆ. ಗಂಡನ ಮನೆಯವರದು ಮಗ್ಗದ ಉದ್ಯೋಗ, ಹಗಲೆಲ್ಲ ಮನೆಯಲ್ಲಿ ಪವರ್‌ಲೂಮಿನ ಸದ್ದು. ನಮ್ಮ ಮನೆಗೆ ಬಂದವಳೇ "ಇಲ್ಲಿ ಕಿವಿ ಬಿಕೋ ಅಂತೈತಿ" ಎಂದು ರೇಡಿಯೋ ಹಚ್ಚಿಕೊಂಡು ಕೂತಳು. ಆಕೆಗೆ ಏಳನೆಯ ತಿಂಗಳು. ಪಂಚಾಂಗ ತೆರೆದರೆ ಎಳ್ಳ ಅಮಾವಾಸ್ಯೆಯ ದಿನವೇ, ಮುಂಜಾನೆ ಹೊತ್ತಿಗೆ, ಸೂರ್ಯಗ್ರಹಣ. ಅದನ್ನು ಓದಿ ಹೇಳಿದವನು ನಾನೇ. ಅವ್ವನ ಕೈಯಲ್ಲಿದ್ದ ಮೊರದಿಂದ ಜೋಳ ನೆಲಕ್ಕೆ ಚೆಲ್ಲಿತು.

ಅವತ್ತಿನಿಂದ ಮನೆಯಲ್ಲಿ ನಿದ್ದೆ ಕೆಟ್ಟಿತು. ಅವ್ವನ ಹೆದರಿಕೆ ಎಲ್ಲರಿಗೂ ಕಾಣುವಂಥದ್ದು. ನನ್ನ ಹೆದರಿಕೆ ಬೇರೆ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಮುಧೋಳದಲ್ಲಿ ತಂಗಿಯ ಸ್ಕ್ಯಾನ್ ಮಾಡಿಸಿದಾಗ ಡಾಕ್ಟರ್ ನನ್ನ ಮೀಸೆಯನ್ನೇ ನೋಡುತ್ತ, "ಇದು ಕೆಲವು ಮನೆತನದಲ್ಲಿ ಬರುತ್ತದೆ, ಬರಲೇಬೇಕು ಅಂತೇನಿಲ್ಲ" ಎಂದಿದ್ದರು. ಕೂಸು ಮುಖಕ್ಕೆ ಕೈ ಅಡ್ಡ ಇಟ್ಟುಕೊಂಡಿತ್ತು, ತುಟಿ ಸರಿಯಾಗಿ ಕಾಣಿಸಲಿಲ್ಲ. ಇನ್ನೊಂದು ಸಲ ತೋರಿಸಲು ಹೋದೆವು, ಆಗಲೂ ಆ ಕೈ ತೆಗೆಯಲಿಲ್ಲ. ನಾನು ಗ್ರಹಣ ನಂಬುವುದಿಲ್ಲ, ಸರಿ. ಆದರೆ ರಕ್ತವನ್ನು ನಂಬುತ್ತಿದ್ದೆ. ದಿನವೂ ಕನ್ನಡಿಯ ಮುಂದೆ ಮೀಸೆ ಸರಿಸಿ ಗೆರೆ ನೋಡಿಕೊಳ್ಳುತ್ತಿದ್ದೆ. ಅಂಥದ್ದೇ ಕೂಸು ಹುಟ್ಟಿದರೆ, ಬೀಗರು ಬಂದು ತಂಗಿಯ ಕೈ ನೋಡುತ್ತಾರೆ, ಅವ್ವ ಮತ್ತೊಮ್ಮೆ ತನ್ನ ಕೈ ನೋಡಿಕೊಳ್ಳುತ್ತಾಳೆ. ಅದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಎಳ್ಳ ಅಮಾವಾಸ್ಯೆ ನಮಗೆ ಹೊಲದ ಹಬ್ಬ. ಹೊಲದಲ್ಲಿ ಬಿಳಿಜೋಳ ಹೊಡೆಯೊಡೆದು ತೆನೆ ಬಿಡುವ ಕಾಲ. ಭೂಮಿತಾಯಿ ಬಸುರಿ, ಆಕೆಗೆ ಬಯಕೆ, ಹಾಗಾಗಿ ಮನೆಯಲ್ಲಿ ಮಾಡಿದ ಕಡಬು, ಸಜ್ಜಿರೊಟ್ಟಿ, ಪುಂಡಿಪಲ್ಲೆ, ಬಾನ ಎಲ್ಲ ಕಲಸಿ ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತೇವೆ. ಅದಕ್ಕೆ ಚರಗ ಎನ್ನುತ್ತೇವೆ. ಮನೆಮಗಳ ಕುಬಸಕ್ಕೆ ಏನೇನು ಮಾಡುತ್ತಾರೋ ಅದೆಲ್ಲ ಮಣ್ಣಿಗೂ ಆಗಬೇಕು. ಯಾವ ತತ್ವಶಾಸ್ತ್ರದ ಪುಸ್ತಕದಲ್ಲೂ ನಾನು ಭೂಮಿಯನ್ನು ಇಷ್ಟು ಹತ್ತಿರದವಳನ್ನಾಗಿ ಮಾಡಿಕೊಂಡ ಮಾತು ಓದಿಲ್ಲ.

ಆ ದಿನ ಅವ್ವ ನಸುಕಿನಲ್ಲೇ ಎದ್ದು ಅಡುಗೆ ಮುಗಿಸಿದಳು. ಪ್ರತಿ ಪಾತ್ರೆಗೂ, ಕುಡಿಯುವ ನೀರಿನ ಕೊಡಕ್ಕೂ ಗರಿಕೆ ಹಾಕಿದಳು. ಗರಿಕೆ ಬಿದ್ದ ನೀರಿಗೆ, ಅನ್ನಕ್ಕೆ ಗ್ರಹಣದ ದೋಷ ತಾಗುವುದಿಲ್ಲ. ಆಮೇಲೆ ಈಳಿಗೆಮಣೆ, ಕತ್ತರಿ, ಸೂಜಿಡಬ್ಬಿ, ಅಪ್ಪನ ಬ್ಲೇಡು, ಹಿತ್ತಲಿನ ಕೊಡಲಿ ಎಲ್ಲವನ್ನೂ ಒಂದು ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿ, "ಇದನ್ನ ಹೊಲದ ಗುಡಿಸಲಕ್ಕ ಒಯ್ದ ಇಡು" ಎಂದು ನನ್ನ ಕೈಗೆ ಕೊಟ್ಟಳು. ನಾನು ಡಿಗ್ರಿ ಹುಡುಗರಿಗೆ ರಾಹು ಎಂದರೆ ನೆರಳು ಎಂದು ಕಲಿಸುವವನು. ಚೀಲ ಹೊತ್ತುಕೊಂಡು ಹೋಗಿ ಇಟ್ಟುಬಂದೆ.

ನಡುಮನೆಯಲ್ಲಿ ಹಿತ್ತಾಳೆಯ ಪರಾತಕ್ಕೆ ನೀರು ಹಾಕಿ, ಕುಂಕುಮ ಬಿಟ್ಟು, ಅದರಲ್ಲಿ ಒನಕೆ ನಿಲ್ಲಿಸಿದಳು. ಗ್ರಹಣ ಹಿಡಿದರೆ ಒನಕೆ ಯಾರೂ ಹಿಡಿಯದೆ ತಾನೇ ನಿಲ್ಲುತ್ತದೆ, ಬಿಟ್ಟರೆ ಬೀಳುತ್ತದೆ. ಮೋಡ ಕವಿದ ದಿನ ಸೂರ್ಯನೇ ಕಾಣದಿದ್ದರೂ ನಮ್ಮ ಹಿರಿಯರಿಗೆ ಇದೇ ಗಡಿಯಾರ. ಸಮತಟ್ಟಾದ ಬುಡದ ಒನಕೆ ಯಾವ ದಿನವಾದರೂ ನಿಲ್ಲುತ್ತದೆ ಎಂದು ನಾನು ಒಮ್ಮೆ ಗ್ರಹಣವಿಲ್ಲದ ದಿನ ನಿಲ್ಲಿಸಿ ತೋರಿಸಿದ್ದೆ. "ಅವತ್ತೂ ಎಲ್ಲೋ ಗ್ರಹಣ ಇದ್ದೀತು" ಎಂದು ಅವ್ವ ಒನಕೆ ಒಳಗಿಟ್ಟಿದ್ದಳು. ಈ ಸಲ ಅದು ನಿಂತಿತು. ಅವ್ವ ತಂಗಿಯನ್ನು ಒಳಗಿನ ಖೋಲಿಗೆ ಕರೆದುಕೊಂಡು ಹೋಗಿ, ಕಿಟಕಿಗೆ ಕಂಬಳಿ ಇಳಿಬಿಟ್ಟು, ತಾನೂ ಕೂತು ಕದ ಹಾಕಿಕೊಂಡಳು.

ಒಳಗಿನಿಂದ ತಂಗಿಯ ದನಿ ಕೇಳುತ್ತಿತ್ತು. "ಯವ್ವಾ, ಭೂಮಿತಾಯಿನೂ ಬಸರ ಅದಾಳ ಅಂತಿ. ಆಕಿ ಬಯಲಾಗ ಬಿದ್ದಾಳಲ್ಲ, ಆಕಿನ್ನ ಯಾವ ಖೋಲ್ಯಾಗ ಹಾಕ್ತಿ?"

"ಆಕಿ ಹಡ್ಯೂದರಾಗ ಹಳಬಿ. ನೀ ಚೊಚ್ಚಲ. ಬಾಯಿ ಮುಚ್ಚಿ ಕುಂದರು."

ಅಪ್ಪ ಪಡಸಾಲೆಯಲ್ಲಿ ಕೂತು ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಹೊರಗೆ ಬಿಸಿಲು ಬಣ್ಣಗೆಟ್ಟು ಬೂದಿಯ ಹಾಗಾಗಿತ್ತು. ಕೋಳಿಗಳು ಗೂಡಿನ ಕಡೆ ಹೊರಟಿದ್ದವು, ಎತ್ತುಗಳು ಮೇವು ಬಿಟ್ಟು ತಲೆ ಎತ್ತಿ ನಿಂತಿದ್ದವು. ಅಂಗಳದ ಬೇವಿನ ಗಿಡದ ಕೆಳಗೆ ಎಲೆಗಳ ಸಂದಿನಿಂದ ಬಿದ್ದ ಬಿಸಿಲಿನ ಚೂರುಗಳೆಲ್ಲ ಬಾಗಿಕೊಂಡಿದ್ದವು. ಎಲ್ಲಿ ನೋಡಿದರೂ ಕುಡಗೋಲು. ಅದು ಯಾಕೆ ಹಾಗೆ ಕಾಣುತ್ತದೆ ಎಂದು ನನಗೆ ಗೊತ್ತು, ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ತೋರಿಸಬಲ್ಲೆ. ಆದರೂ ಅವ್ವ ಹೊರಗೆ ಬಂದು ಇದನ್ನು ನೋಡಿದರೆ? ಹುಚ್ಚನ ಹಾಗೆ ಚಪ್ಪಲಿಯಿಂದ ನೆಲದ ಮೇಲಿನ ಬಿಸಿಲನ್ನು ಉಜ್ಜಿದೆ.

ಅಷ್ಟರಲ್ಲಿ ಒಳಗಿನಿಂದ ತಂಗಿ ಕರೆದಳು. "ಅಣ್ಣಾ, ಕಣ್ಣಿಗೆ ಕತ್ತಲಿ ಬರಾಕತ್ತೈತಿ."

ಮುಂಜಾನೆಯಿಂದ ಆಕೆ ಏನೂ ತಿಂದಿರಲಿಲ್ಲ. ನಾನು ಕದ ಬಡಿದೆ. "ಅವ್ವಾ, ಕದ ತಗಿ. ಆಕಿಗೆ ಬೆಲ್ಲದ ನೀರು ಕೊಡು." ಇನ್ನೂ ಜೋರಾಗಿ ಬಡಿದೆ. "ಅವ್ವಾ, ಕೂಸಿಗೆ ಏನರ ಆದ್ರ ಗ್ರಹಣ ಬರೂದಿಲ್ಲ ಜವಾಬು ಕೊಡಾಕ. ತಗೀತಿಯೋ ಮುರೀಲಿಯೋ?" ತಾಯಿಯ ಮೇಲೆ ಅಷ್ಟು ದನಿ ಎತ್ತಿದ್ದು ಅದೇ ಮೊದಲು. ಅಪ್ಪ ಎದ್ದು ಬಂದು ನನ್ನ ಭುಜ ಹಿಡಿದ.

ಕದ ಅಂಗೈಯಗಲ ತೆರೆಯಿತು. ಅವ್ವನ ಮುಖ ಬೆವತಿತ್ತು. "ಗರಿಕಿ ಹಾಕಿದ ಕೊಡದಾಗಿಂದ ಕೊಡು. ಬೆಲ್ಲ ಒಡೀಬ್ಯಾಡ. ಪುಡಿ ಇದ್ದದ್ದ ಹಾಕು." ಬೆಲ್ಲ ಒಡೆದರೂ ಅದು ಒಡೆದ ಲೆಕ್ಕಕ್ಕೆ ಬಂದೀತು ಎಂಬ ಭಯ. ನಾನು ಡಬ್ಬಿಯ ತಳದ ಪುಡಿ ಬಳಿದು ಹಾಕಿ ತಂಬಿಗೆ ಕೊಟ್ಟೆ. ತಂಗಿ ಗಟಗಟ ಕುಡಿದು ಗೋಡೆಗೆ ಒರಗಿದಳು. ಅವ್ವ ಆಕೆಯ ಎರಡೂ ಕೈಗಳನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಗಟ್ಟಿಯಾಗಿ ಹಿಡಿದಿದ್ದಳು, ಉಗುರು ಕೂಡ ಎಲ್ಲಿಗೂ ತಾಗಬಾರದು ಎನ್ನುವಂತೆ. ಕದ ಮತ್ತೆ ಮುಚ್ಚಿತು.

ಟಿವಿಯಲ್ಲಿ ಗ್ರಹಣ ಬಿಟ್ಟಿತು ಎಂದರು. ಒನಕೆ ಬೀಳಲಿಲ್ಲ. ಅವ್ವ ಹೊರಗೆ ಬರಲಿಲ್ಲ. ಬಿಸಿಲು ಚುರುಗುಟ್ಟತೊಡಗಿದ ಮೇಲೂ ಅದು ಹಾಗೇ ನಿಂತಿತ್ತು. ಕಡೆಗೆ ಅಪ್ಪ ಪರಾತದ ಹತ್ತಿರ ಹೋಗಿ ಜೋರಾಗಿ ಕೆಮ್ಮಿದ, ಕೆಮ್ಮುತ್ತಲೇ ಕಾಲಿನ ಹೆಬ್ಬೆರಳಿನಿಂದ ಪರಾತ ತುಸು ದೂಡಿದ. ಒನಕೆ ದಬ್ಬೆಂದು ಬಿತ್ತು. "ಬಿತ್ತ ನೋಡ" ಎಂದ. ಎಲ್ಲರೂ ತಲೆಮೇಲೆ ನೀರು ಹಾಕಿಕೊಂಡೆವು. ಮಧ್ಯಾಹ್ನ ಇಳಿಹೊತ್ತಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿದೆವು. ಅವ್ವ ಜೋಳದ ಸಾಲಿನಲ್ಲಿ ಕೈಮುಗಿದು ಬಹಳ ಹೊತ್ತು ನಿಂತಿದ್ದಳು. ಏನು ಬೇಡಿಕೊಂಡಳೋ ನಾನು ಕೇಳಲಿಲ್ಲ.

ಮುಂದಿನ ತಿಂಗಳುಗಳು ಹೇಗೆ ಕಳೆದವೋ. ಅವ್ವ ದಿನಕ್ಕೊಮ್ಮೆಯಾದರೂ "ಏನೂ ಬಿಟ್ಟಿಲ್ಲಲಾ ನಾ?" ಎಂದು ಕೇಳುತ್ತಿದ್ದಳು. "ಏನೂ ಬಿಟ್ಟಿಲ್ಲವ್ವಾ" ಎನ್ನುತ್ತಿದ್ದೆ. ಅದು ಖರೆಯೇ ಆಗಿತ್ತು. ಆದರೆ ನನಗೆ ಬೇಕಾದ ಖರೆ ಅದಲ್ಲ. ತರಗತಿಯಲ್ಲಿ ಪಾಠ ಮಾಡುತ್ತಿರುವಾಗ ಹೊಟ್ಟೆಯೊಳಗಿನ ಆ ಸಣ್ಣ ಕೈ ನೆನಪಾಗಿ ಮಾತು ತಪ್ಪುತ್ತಿತ್ತು.

ಹೋಳಿ ಹುಣ್ಣಿಮೆಯ ಹತ್ತಿರ ಜಮಖಂಡಿಯ ದವಾಖಾನೆಯಲ್ಲಿ ಹೆರಿಗೆಯಾಯಿತು. ಹೆಣ್ಣುಕೂಸು. ಸಿಸ್ಟರ್ ಬಟ್ಟೆಯಲ್ಲಿ ಸುತ್ತಿ ತಂದವರು, ಎಲ್ಲ ಕೂಸುಗಳನ್ನೂ ತೋರಿಸುವ ಹಾಗೆ ನಗುತ್ತ ತೋರಿಸಲಿಲ್ಲ. ನನಗೆ ಅಷ್ಟರಲ್ಲೇ ತಿಳಿಯಿತು. ಎಡಗಡೆ, ನನ್ನದೇ ಜಾಗದಲ್ಲಿ, ತುಟಿ ಸೀಳಿತ್ತು. ಡಾಕ್ಟರ್ ಬಂದು, ಅಂಗುಳ ಚೆನ್ನಾಗಿದೆ, ತುಟಿಯನ್ನು ಕೆಲವು ತಿಂಗಳಿಗೆ ಹೊಲಿಯಬಹುದು, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದರು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಒಳಗೆ ಹೋದಾಗ ಮಂಚದ ಮೇಲಿಂದ ತಂಗಿ, ಅತ್ತು ಅತ್ತು ಬಾತುಕೊಂಡ ಮುಖದಲ್ಲೇ, "ಅಣ್ಣಾ, ನಿನಗ ಹೊಲದಾರು ಛಲೋ ಹೊಲದಾರ. ಅವರು ಎಲ್ಲಿ ಅದಾರ, ತಪಾಸ ಮಾಡು" ಎಂದಳು. ಆಕೆಯ ಧೈರ್ಯ ನನಗಿಲ್ಲ.

ಬನಹಟ್ಟಿಯಿಂದ ತಂಗಿಯ ಅತ್ತೆ ಬಂದರು. ಕೂಸನ್ನು ಎತ್ತಿಕೊಂಡು ಮುಖ ನೋಡಿದರು, ಸುಮ್ಮನೆ ಮಲಗಿಸಿದರು. ಸೆರಗು ಸರಿಮಾಡಿಕೊಂಡು ಅವ್ವನ ಕಡೆ ತಿರುಗಿದರು.

"ಅಕ್ಕಾರ, ಅಮಾಸಿ ದಿನಾ ಗ್ರಹಣ ಇತ್ತಲ್ರಿ. ಏನರ ಕೊಯ್ದಳೇನ್ರಿ? ಖರೆ ಹೇಳ್ರಿ."

ಅದೇ ಪ್ರಶ್ನೆ. ನಾನು ಹುಟ್ಟಿದ ದಿನ ಆಯಿ ಕೇಳಿದ್ದು. ನಾನು ತಟ್ಟನೆ ಎದ್ದು ಎರಡನೆಯ ತಿಂಗಳು, ರಕ್ತ, ಮನೆತನ ಎಂದು ಶುರು ಮಾಡಿದೆ. ಅವ್ವ ನನ್ನ ಮುಂಗೈ ಹಿಡಿದಳು. "ನೀ ಸುಮ್ಕಿರು." ಆ ಬೆಲ್ಲದ ನೀರನ್ನು ಹಿಡಿದುಕೊಂಡು, ಕದ ತೆಗೆದದ್ದೇ ತನ್ನ ತಪ್ಪು ಎಂದು ಅವ್ವ ಇನ್ನು ಸಾಯುವ ತನಕ ಕೊರಗುತ್ತಾಳೆ ಎಂದುಕೊಂಡೆ.

"ಏನೂ ಕೊಯ್ದಿಲ್ರಿ" ಎಂದಳು ಅವ್ವ. "ನಾ ಬಾಜೂಕ ಕುಂತಿದ್ದೆ. ಆಕಿ ಎರಡೂ ಕೈ ನನ್ನ ಕೈಯಾಗ ಇದ್ದೂವು. ಸೂಜಿ ಮುಟ್ಟಿಲ್ಲ, ದಾರ ಮುಟ್ಟಿಲ್ಲ. ಗರಿಕಿ ಹಾಕಿದ ನೀರ ಒಂದ ಕುಡದಾಳ, ಅದಕ್ಕ ದ್ವಾಷ ಇಲ್ಲ, ನಿಮಗೂ ಗೊತ್ತೈತಿ. ಎಲ್ಲಾ ನೇಮಾ ಹಿಡದೇನ್ರಿ ನಾ, ಒಂದೂ ಬಿಟ್ಟಿಲ್ಲ. ಎಲ್ಲಾ ಹಿಡದ್ರೂ ಬಂದೈತಿ."

ಬೀಗತಿಯೂ ಮಕ್ಕಳನ್ನು ಹಡೆದವರು. "ಹಂಗಾರ ಅದು ಬರೂದ ಇತ್ತ ನೋಡ್ರಿ ಅಕ್ಕಾರ. ಯಾರ ಏನ ಮಾಡ್ಯಾರು" ಎಂದು ಸೊಸೆಯ ತಲೆ ಸವರಲು ಮಂಚದ ಕಡೆ ಹೋದರು.

ಅವ್ವ ನಿಂತಲ್ಲೇ ನಿಂತಿದ್ದಳು. "ಎಲ್ಲಾ ಹಿಡದ್ರೂ ಬಂದೈತಿ" ಎಂದು ಮತ್ತೊಮ್ಮೆ, ಈ ಸಲ ಮೆಲ್ಲಗೆ, ತನಗೇ ಹೇಳಿಕೊಂಡಳು. ನನ್ನ ಕಡೆ ತಿರುಗಿದಳು.

"ಹಂಗಾರ ನಾ ಅವತ್ತ ಹಗ್ಗ ಕೊಯ್ಲಿಲ್ಲಂದ್ರೂ?"

"ಕೊಯ್ಲಿಲ್ಲಂದ್ರೂ ಬರ್ತಿತ್ತವ್ವಾ."

"ಕದಾ ಹಾಕ್ಕೊಂಡ ಒಳಗ ಕುಂತಿದ್ರೂ?"

"ಕುಂತಿದ್ರೂ ಬರ್ತಿತ್ತು."

ನನ್ನ ಓದು, ಡಾಕ್ಟರ ಮಾತು, ಮಷಿನ್ನು ಯಾವುದೂ ಆಕೆಯನ್ನು ಇಲ್ಲಿಗೆ ತಂದಿರಲಿಲ್ಲ. ತನ್ನ ನಂಬಿಕೆಯನ್ನು ಒಂದು ಎಳೆ ಬಿಡದೆ ಪಾಲಿಸಿ, ಅದರ ಕೊನೆಯಲ್ಲಿ ಆಕೆ ತಾನೇ ಬಂದು ನಿಂತಿದ್ದಳು. ಈಗ ಅಳುತ್ತಾಳೆ, ಹಗುರಾಗುತ್ತಾಳೆ ಎಂದುಕೊಂಡೆ. ನನಗೇ ಕಣ್ಣು ತುಂಬಿ ಬಂದಿತ್ತು. ಆದರೆ ಅವ್ವನ ಮುಖ ಕೆಂಪಾಯಿತು. ನಾನು ಹುಟ್ಟಿದಾಗಿನಿಂದ ನೋಡದ ಸಿಟ್ಟು ಅದು.

"ನಿಮ್ಮ ಆಯಿ ಸತ್ತ ಹೋಗ್ಯಾಳಲ್ಲೋ" ಎಂದಳು. "ಈಗ ನಾ ಯಾರಿಗೆ ಹೇಳ್ಲಿ? ಕಾಲೇಜಿನ್ಯಾಗ ಕಲಸಾಂವ ಅದಿಯಲ್ಲ, ಹೇಳು. ಯಾರಿಗೆ ಹೇಳ್ಲಿ?"